ಅಜ್ಜಿಯ ಬೆರಳಿಗೆ ಶಾಯಿ

"ಆಸ್ಟ್ರೇಲಿಯಾ ರಾಯಭಾರ ಕಚೇರಿ ಎಲ್ಲಿ ಬರತ್ತಪ್ಪಾ? ಓಟು ಹಾಕಬೇಕು" ಎನ್ನುತ್ತಾ ಮಲೇಷ್ಯಾದ ಬ್ರಿಕ್‌ಫೀಲ್ಡ್ಸ್ ಬಡಾವಣೆಯ ನನ್ನ ಸೀರೆ ಅಂಗಡಿಗೆ ಅಜ್ಜಿಯೊಬ್ಬರು ಬಂದರು. ಮೈಸೂರಿನವರು, ಈಗ ಆಸ್ಟ್ರೇಲಿಯಾ ಪ್ರಜೆ, ಇಲ್ಲಿಗೆ ಪ್ರವಾಸ ಬಂದಿದ್ದರು. ಅಲ್ಲಿ ಸಂವಿಧಾನ ತಿದ್ದಲು ಜನಮತ ಕೇಳುತ್ತಾರಂತೆ, ಮತದಾನ ಕಡ್ಡಾಯವಂತೆ.

"ಪರದೇಶದಲ್ಲಿದ್ದೆ ಅಂದ್ರೆ ದಂಡ ಹಾಕಲ್ಲ ಅಜ್ಜಿ, ಸುಮ್ನಿರಿ ಲಾ" ಎಂದು ಇಲ್ಲಿನವರ ಧಾಟಿಯಲ್ಲಿ 'ಲಾ' ಸೇರಿಸಿ ಬುದ್ಧಿ ಹೇಳಿದೆ.

"ದಂಡದ ಮಾತಲ್ಲ ಕಣಪ್ಪಾ. ಸಂವಿಧಾನ ತಿದ್ದಲಾ ಅಂತ ನನ್ನ ಕೇಳಿದಾರೆ. ಉತ್ತರ ಕೊಡಬೇಡ್ವಾ?"

ಚೌಕಾಸಿಯಲ್ಲಿ ಸೋಲದ ನಾನು ಅಂಗಡಿ ಮುಚ್ಚಿ ಕಾರು ತೆಗೆದೆ. ರಾಯಭಾರ ಕಚೇರಿ ತಲುಪಿದಾಗ ಮತದಾನ ಮುಗಿಯಲು ಹತ್ತೇ ನಿಮಿಷವಿತ್ತು.

ಅಜ್ಜಿ ತೋರುಬೆರಳು ಎತ್ತಿಕೊಂಡೇ ಹೊರಬಂದರು. "ಓಟು ಆಯ್ತು. ಶಾಯಿ ಹಚ್ಚಿ ಅಂದ್ರೆ ನಕ್ಕುಬಿಟ್ರು!" ಸೀರೆಯ ಬೆಲೆ ಬರೆಯುವ ಮಾರ್ಕರ್ ಜೇಬಿನಲ್ಲಿತ್ತು, ನಾನೇ ಗೆರೆ ಎಳೆದೆ. ಅಜ್ಜಿಯ ಮುಖ ಅರಳಿತು.

ನನ್ನ ಓಟು ಇನ್ನೂ ಊರಿನಲ್ಲೇ ಇದೆ, ಅಲ್ಲಿಗೇ ಹೋಗಿ ಹಾಕಬೇಕು. ಈಗ ಊರಿಗೆ ಟಿಕೆಟ್ ತೆಗೆಯುವ ಮುನ್ನ ನಾನು ನೋಡುವುದು ದರವನ್ನಲ್ಲ, ಚುನಾವಣೆಯ ದಿನಾಂಕವನ್ನು. ನೀವೂ ನೋಡಿ.