ಟೈಲರಕ್ಕನ ಮನೆಗೆ ಬಂದ ಸಮಿತಿ

ಟೈಲರಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಆಸ್ಪತ್ರೆಗೆ ಮೊದಲು ಓಡಿಬಂದವಳು ಪಕ್ಕದ ಮನೆಯ ನರ್ಸಮ್ಮ. ಒಡಹುಟ್ಟಿದ ತಮ್ಮ ಬಂದದ್ದು ಮಾರನೆಯ ದಿನ, ಅದೂ ಅಂಗಿಯ ಜೇಬಿಗೆ ಬ್ಯಾಡ್ಜು ಚುಚ್ಚಿಕೊಂಡು. ‘ಉಪಾಧ್ಯಕ್ಷರು, ಚರ್ಚ್ ಪಾಲನಾ ಸಮಿತಿ’ ಎಂದು ಬ್ಯಾಡ್ಜಿನ ಮೇಲೆ ಬರೆದಿತ್ತು. ನೋವಿನಲ್ಲಿ ನರಳುತ್ತಿರುವ ಅಕ್ಕನಿಗೆ ತಾನು ಯಾರೆಂದು ಮರೆತುಹೋಗಿದ್ದರೆ ಅಂತ ಹೆದರಿದ್ದನೋ ಏನೋ, ಪುಣ್ಯಾತ್ಮ. ಅಕ್ಕ ಬ್ಯಾಡ್ಜನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಆ ಮುಖವನ್ನು ಅವಳಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅದನ್ನು ತೊಳೆದು, ಒರೆಸಿ, ಅದರ ಬಾಯಿಗೆ ತುತ್ತಿಟ್ಟು ದೊಡ್ಡದು ಮಾಡಿದವಳೇ ಅವಳು. ಅಮ್ಮ ತೀರಿಕೊಂಡಾಗ ಅವಳಿಗೆ ಇನ್ನೂ ಜಡೆ ಹೆಣೆದುಕೊಳ್ಳುವ ವಯಸ್ಸು, ತಮ್ಮ ಅಂಬೆಗಾಲಿಡುತ್ತಿದ್ದ. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದ. ಅಮ್ಮನ ಹೊಲಿಗೆ ಮೆಷಿನ್ನಿನ ಮುಂದೆ ಕೂತ ಹುಡುಗಿ ಊರಿನ ಮಕ್ಕಳಿಗೆಲ್ಲ ಯೂನಿಫಾರ್ಮ್ ಹೊಲಿದಳು. ಕಾಲು ಪೆಡಲಿನ ಮೇಲೆ, ಎಡಗೈ ಬಟ್ಟೆಯ ಮೇಲೆ, ಬಲಗೈ ತಮ್ಮನ ಬಾಯಿಯ ಹತ್ತಿರ. ಅವನೋ, ಒಂದು ತುತ್ತಿಗೆ ನಾಲ್ಕು ಸಲ ಮನೆ ಸುತ್ತು ಹಾಕಿಸುವ ಪೋರ. ಅವಳ ಮದುವೆಯ ಮಾತು ಬಂದಾಗಲೆಲ್ಲ ಅವನಿಗೆ ಪರೀಕ್ಷೆ ಇರುತ್ತಿತ್ತು. ಪರೀಕ್ಷೆಗಳು ಮುಗಿಯುವಷ್ಟರಲ್ಲಿ ಮದುವೆಯ ಮಾತೇ ನಿಂತುಹೋಯಿತು. ಅದಕ್ಕಾಗಿ ಅವಳು ಯಾರ ಮುಂದೆಯೂ ಕಣ್ಣೀರು ಹಾಕಿದವಳಲ್ಲ. ಆ ಕತೆ ಬಿಡಿ.

ತಮ್ಮ ದೊಡ್ಡವನಾಗಿ ಕನ್ನಡಕದ ಅಂಗಡಿ ಇಟ್ಟ. ಅಂಗಡಿ ಚೆನ್ನಾಗಿಯೇ ನಡೆಯಿತು. ಆದರೆ ಗಿರಾಕಿಗಳು ಅವನ ಕನ್ನಡಕದಲ್ಲಿ ಲೋಕವನ್ನೆಲ್ಲ ನೋಡಿದರೇ ಹೊರತು ಯಾರೂ ಅವನನ್ನು ನೋಡಲಿಲ್ಲ. ಆ ಕೊರಗು ಅವನನ್ನು ಚರ್ಚಿನ ಕೆಲಸಕ್ಕೆ ಎಳೆಯಿತು. ಮೊದಲು ಪೂಜೆಯ ವೇಳೆ ಕಾಣಿಕೆ ತಟ್ಟೆ ಹಿಡಿದ. ಆಮೇಲೆ ಬೈಬಲ್ ವಾಚನ ಹಿಡಿದ. ಓದುವಾಗ ಪ್ರವಾದಿಗಳೆಲ್ಲ ಅವನ ಅಂಗಡಿಯ ಸಾಲಗಾರರೇನೋ ಎಂಬಂಥ ದನಿ. ಆಮೇಲೆ ಚರ್ಚಿನವರು ಬೀದಿಗಳನ್ನು ಹಂಚಿ ಮಾಡಿಕೊಂಡ ವಾರ್ಡೊಂದರ ಮುಖಂಡನಾದ. ಕೊನೆಗೆ ಪಾಲನಾ ಸಮಿತಿಯ ಉಪಾಧ್ಯಕ್ಷ. ಅಲ್ಲಿಂದ ಮೇಲೆ ಏರಲು ಮೆಟ್ಟಿಲಿಲ್ಲ, ಯಾಕೆಂದರೆ ಅಧ್ಯಕ್ಷರು ಯಾವಾಗಲೂ ಪಾದ್ರಿಗಳೇ. ಹೆಂಡತಿ ಮಕ್ಕಳಿರುವವನಿಗೆ ಉಪಾಧ್ಯಕ್ಷಗಿರಿಯೇ ಕೊನೆ. ಮೇಲೆ ಹೋಗಲಾಗದವನು ಅಗಲಕ್ಕೆ ಬೆಳೆಯತೊಡಗಿದ.

ಹೇಗೆ ಅಂತೀರಾ? ಯಾರಾದರೂ ಸದ್ದಿಲ್ಲದೆ ಒಂದು ಕೆಲಸ ಮಾಡುತ್ತಿದ್ದರೆ ಅವನಿಗೆ ಮೈಯೆಲ್ಲ ಕೆರೆತ. ಶಾಲೆಯ ಟೀಚರೊಬ್ಬರು ಪ್ರತಿ ಶನಿವಾರ ಪೀಠಕ್ಕೆ ಹೂವಿಡುತ್ತಿದ್ದರು. ಅವನು ಹೂವಿನ ಸಮಿತಿ ಮಾಡಿದ, ಅದಕ್ಕೊಬ್ಬ ಸಂಚಾಲಕ, ಒಬ್ಬ ಸಹಸಂಚಾಲಕ. ಮುಂದಿನ ಶನಿವಾರದಿಂದ ಸಭೆ ಅರಳಿತು, ಹೂವು ಬಾಡಿತು. ಬಡಗಿಯೊಬ್ಬ ಮುರಿದ ಬೆಂಚುಗಳನ್ನು ತಾನಾಗಿಯೇ ರಿಪೇರಿ ಮಾಡುತ್ತಿದ್ದ. ಪೀಠೋಪಕರಣ ಉಪಸಮಿತಿ ಬಂದ ಮೇಲೆ ಅವನು ಸುತ್ತಿಗೆ ಕೆಳಗಿಟ್ಟ. ಮೊಳೆ ಹೊಡೆಯಲು ಮುಂಚಿತವಾಗಿ ಅರ್ಜಿ ಕೊಡಬೇಕಂತೆ. ಪಾದ್ರಿಗಳು ಒಳ್ಳೆಯವರು, ಜಗಳವೆಂದರೆ ಹೆದರುವವರು. ಉಪಾಧ್ಯಕ್ಷ ಯಾವ ಕಾಗದ ಮುಂದಿಟ್ಟರೂ, ಒಳ್ಳೆಯದಾಗಲಿ ಅಂತ ಸಹಿ ಹಾಕಿಬಿಡುತ್ತಿದ್ದರು.

ಟೈಲರಕ್ಕ ಇದನ್ನೆಲ್ಲ ಹಿಂದಿನ ಬೆಂಚಿನಿಂದ ನೋಡಿ ಮೂಗು ಮುರಿಯುತ್ತಿದ್ದಳು, ಅಷ್ಟೆ. ಅವಳ ಬುಡಕ್ಕೇ ನೀರು ಬಂದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ.

ಮಂಚ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದ್ದರು. ಅನ್ನ ನೀರು, ಸ್ನಾನ, ಬಟ್ಟೆ ಎಲ್ಲವನ್ನೂ ನರ್ಸಮ್ಮ ನೋಡಿಕೊಂಡಳು. ಅಕ್ಕನಿಗೆ ಬೇಕಿದ್ದದ್ದು ಒಂದೇ: ಭಾನುವಾರದ ಪರಮಪ್ರಸಾದ, ಪೂಜೆಯಲ್ಲಿ ಬಾಯಿಗಿಡುವ ಆ ಪವಿತ್ರ ರೊಟ್ಟಿಯ ಚೂರು. ಮೊದಲ ಪರಮಪ್ರಸಾದ ತೆಗೆದುಕೊಂಡ ದಿನದಿಂದ ಅವಳು ಒಂದು ಭಾನುವಾರವೂ ಅದನ್ನು ತಪ್ಪಿಸಿದವಳಲ್ಲ. ಭಕ್ತಿಯ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ. ಹಸಿವಾದವರು ಹಸಿವಿನ ಮೇಲೆ ಭಾಷಣ ಮಾಡುತ್ತಾರೆಯೇ? ಅದಿಲ್ಲದಿದ್ದರೆ ಅವಳ ವಾರ ಶುರುವೇ ಆಗುತ್ತಿರಲಿಲ್ಲ.

ಹಿಂದಿನ ಕಾಲವಾಗಿದ್ದರೆ ಚಿಂತೆಯೇ ಇರಲಿಲ್ಲ. ಹಾಸಿಗೆ ಹಿಡಿದವರಿಗೆಲ್ಲ ನರ್ಸಮ್ಮನೇ ಪೂಜೆ ಮುಗಿದೊಡನೆ ಪುಟ್ಟ ಡಬ್ಬಿಯಲ್ಲಿ ಪ್ರಸಾದ ಒಯ್ದು ಕೊಡುತ್ತಿದ್ದಳು. ಹಿಂದಿದ್ದ ಪಾದ್ರಿಗಳು ಬಿಷಪ್ಪರಿಂದ ಅನುಮತಿ ತರಿಸಿಕೊಟ್ಟಿದ್ದರು. ಅವಳು ಹೋಗುತ್ತಿದ್ದಳು, ಕೊಡುತ್ತಿದ್ದಳು, ದಿಂಬು ಸರಿಮಾಡಿ ಬರುತ್ತಿದ್ದಳು. ಉಪಾಧ್ಯಕ್ಷನ ಕಣ್ಣು ಅದರ ಮೇಲೂ ಬಿತ್ತು. ‘ರೋಗಿಗಳ ಆರೈಕೆ ಸೇವೆ’ ಅಂತ ಸಮಿತಿ ಹುಟ್ಟಿತು. ಪ್ರಸಾದ ಒಯ್ಯುವವರು ಮೊದಲು ತರಬೇತಿ ಪಡೆಯಬೇಕು ಎಂದಾಯಿತು. ತರಬೇತಿ ಯಾವಾಗ? ಭಾನುವಾರ ಪೂಜೆ ಮುಗಿದ ಕೂಡಲೇ. ಅಂದರೆ ನರ್ಸಮ್ಮ ಡಬ್ಬಿ ಹಿಡಿದು ರೋಗಿಗಳ ಮನೆಗೆ ಹೊರಡುತ್ತಿದ್ದ ಹೊತ್ತಿಗೇ. ರೋಗಿಗಳು ಕಾಯುತ್ತಿದ್ದಾರೆ ಎಂದು ಅವಳು ತರಬೇತಿಗೆ ಹೋಗಲಿಲ್ಲ. ತರಬೇತಿಗೆ ಬರಲಿಲ್ಲ ಎಂದು ಸಮಿತಿಯವರು ಡಬ್ಬಿ ಕಿತ್ತುಕೊಂಡರು.

ತರಬೇತಿ ಪಡೆದವರಾದರೋ ಒಂಬತ್ತು ಗಂಟೆಯ ಪೂಜೆಯಲ್ಲಿ ಸಾಲಾಗಿ ನಿಂತು ಜನರಿಗೆ ಪ್ರಸಾದ ಹಂಚಲು ನಾ ಮುಂದು ತಾ ಮುಂದು ಎನ್ನುತ್ತಿದ್ದರು. ಅಲ್ಲಿ ನೋಡುವವರಿದ್ದರು. ಮೂತ್ರದ ವಾಸನೆಯ ಕೋಣೆಗಳಿಗೆ ಹೋಗಲು ಪ್ರತಿಯೊಬ್ಬನಿಗೂ ಮೊಣಕಾಲು ನೋವು. ಸಾಲದ್ದಕ್ಕೆ ಟೈಲರಕ್ಕನದು ಮೂಲೆಮನೆ. ಬಾಗಿಲು ಒಂದು ಬೀದಿಗೆ, ಕಿಟಕಿ ಇನ್ನೊಂದಕ್ಕೆ. ವಾರ್ಡುಗಳಿಗೆ ತಮ್ಮನೇ ಗೆರೆ ಎಳೆದಾಗ ಆ ಗೆರೆ ಅಕ್ಕನ ಮಂಚದ ಮೇಲೇ ಹಾದುಹೋಗಿತ್ತು. ಬಾಗಿಲಿನ ವಾರ್ಡಿನವರು ಅವಳು ಕಿಟಕಿಯ ವಾರ್ಡಿನವಳು ಎಂದರು, ಕಿಟಕಿಯ ವಾರ್ಡಿನವರು ನಾವೇನು ಕಿಟಕಿ ಹಾರಿ ಬರಬೇಕೇ ಎಂದರು. ಅಕ್ಕ ಪ್ರತಿ ಭಾನುವಾರ ತಲೆ ಬಾಚಿಸಿಕೊಂಡು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಸಿ, ಮೇಣದಬತ್ತಿ ಹಚ್ಚಿಸಿ ಕಾದಳು. ಬತ್ತಿ ಕರಗಿತು, ಯಾರೂ ಬರಲಿಲ್ಲ. ಅಂಥ ಭಾನುವಾರಗಳು ಒಂದಾದ ಮೇಲೊಂದು ಹೋದವು.

ತಮ್ಮನಿಗೆ ಹೇಳಿ ಕಳಿಸಿದಳು. ವಿಷಯ ಸಮಿತಿಯ ಮುಂದಿದೆ ಎಂದು ಉತ್ತರ ಬಂತು. ಕೇಳಿದ ನರ್ಸಮ್ಮನಿಗೆ ಹೊಟ್ಟೆ ಉರಿದುಹೋಯಿತು. ಅಕ್ಕನಿಗೆ ನಗು ಬಂತು, ಒಳ್ಳೆಯ ನಗುವಲ್ಲ.

ಅಷ್ಟರಲ್ಲಿ ಒಂದು ಸಂಜೆ ಅವನೇ ಬಂದ, ಕಂಕುಳಲ್ಲಿ ಬಟ್ಟೆಯ ಗಂಟು. ಮುಂದಿನ ಭಾನುವಾರ ಬಿಷಪ್ಪರು ಬರುವವರಿದ್ದರು. ಎಲ್ಲ ಸಮಿತಿಗಳ ಸಂಚಾಲಕರಿಗೂ ಹೆಗಲಪಟ್ಟಿ ಬೇಕಾಗಿತ್ತು, ಗಾಯನದವರಿಗೆ ನೀಲಿ, ಆರಾಧನೆಯವರಿಗೆ ಹಸಿರು, ಆರೈಕೆಯವರಿಗೆ ಬಿಳಿ. ಉಪಾಧ್ಯಕ್ಷನಿಗೆ ಅಂಚಿಗೆ ಜರಿ. ಅಂಗಡಿಯಲ್ಲಿ ಹೊಲಿಸಿದರೆ ನಿನ್ನ ಕೈಯ ಹದ ಬರೋದಿಲ್ಲ ಅಕ್ಕಾ ಎಂದು ಹಲ್ಲು ಕಿರಿದ. ಮಲಗಿದವಳ ಹತ್ತಿರ ಕೆಲಸ ತೆಗೆಯಲು ನಾಚಿಕೆಯಾಗಬೇಕಿತ್ತು. ನಾಚಿಕೆಗೆ ಅವನ ಹತ್ತಿರ ಸಮಿತಿಯಿರಲಿಲ್ಲ.

ಅಕ್ಕ ಜರಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಕಡಿಮೆ ದರ್ಜೆಯ ಜರಿ.

‘ಹೊಲಿದುಕೊಡ್ತೀನಿ,’ ಎಂದಳು. ‘ಆದರೆ ಆ ಭಾನುವಾರ ನೀನೇ ನನಗೆ ಪ್ರಸಾದ ತಂದುಕೊಡಬೇಕು. ಬೇರೆ ಯಾರನ್ನೂ ಕಳಿಸಬೇಡ.’

ಅವನು ಮೊದಲು ತಡವರಿಸಿದ. ತಾನು ಮೇಲ್ವಿಚಾರಣೆ ಮಾಡುವವನು, ಮನೆಮನೆಗೆ ಹೋಗುವುದು ತನ್ನ ಹೊಣೆಯಲ್ಲ ಎಂದು ಏನೇನೋ ಗೊಣಗಿದ. ಆಮೇಲೆ ಇದ್ದಕ್ಕಿದ್ದಂತೆ ಮುಖ ಅರಳಿತು. ಬಿಷಪ್ಪರ ಮುಂದೆ ಇಡುವ ಫೋಟೊಗಳಲ್ಲಿ ರೋಗಿಗಳ ಆರೈಕೆಯದೊಂದೂ ಇರಲಿಲ್ಲವಲ್ಲ! ಆಗಲಿ ಅಕ್ಕಾ, ಖಂಡಿತ ಎಂದ. ಆ ಹೊಳಪು ಎಲ್ಲಿಂದ ಬಂತೆಂದು ಅಕ್ಕನಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಆದರೂ ಹೊಲಿದಳು. ದಿಂಬಿಗೊರಗಿ, ಮೆಷಿನ್ನಿಲ್ಲದೆ, ಕೈಹೊಲಿಗೆಯಲ್ಲೇ ಅಷ್ಟೂ ಪಟ್ಟಿಗಳನ್ನು ಮುಗಿಸಿದಳು. ಸೊಂಟದ ನೋವಿಗೆ ಕಣ್ಣಲ್ಲಿ ನೀರು ಬಂದಾಗ, ದರಿದ್ರ ಜರಿ, ಕಣ್ಣಿಗೆ ಚುಚ್ಚುತ್ತದೆ ಎಂದು ನರ್ಸಮ್ಮನ ಹತ್ತಿರ ಬೈದಳು.

ಭಾನುವಾರ ಅಕ್ಕ ಬೆಳಗಿನಿಂದ ತೊಟ್ಟು ನೀರೂ ಮುಟ್ಟಲಿಲ್ಲ. ಪ್ರಸಾದಕ್ಕೆ ಮುಂಚಿನ ಉಪವಾಸದ ಕಟ್ಟಲೆ ಹಾಸಿಗೆ ಹಿಡಿದವರಿಗಿಲ್ಲ ಎಂದು ನರ್ಸಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಪೂಜೆ ಮುಗಿದ ಮೇಲೆ ಮೆರವಣಿಗೆ ಬಂತು. ಮುಂದೆ ಜರಿಯ ಪಟ್ಟಿಯ ಉಪಾಧ್ಯಕ್ಷ, ಎದೆಗೊತ್ತಿಕೊಂಡ ಕೈಯಲ್ಲಿ ಡಬ್ಬಿ. ಹಿಂದೆ ಹಸಿರು, ಬಿಳಿ, ನೀಲಿ. ಕೊನೆಗೆ ಸ್ಟುಡಿಯೋದವನು, ಕ್ಯಾಮೆರಾ ಸಮೇತ. ಇಷ್ಟು ದಿನ ಒಬ್ಬನಿಗೂ ಸಿಗದ ಮನೆ ಅವತ್ತು ಎಲ್ಲರಿಗೂ ಸಿಕ್ಕಿಬಿಟ್ಟಿತು. ಕೋಣೆಯಲ್ಲಿ ಉಸಿರಾಡಲು ಜಾಗವಿಲ್ಲದೆ ನರ್ಸಮ್ಮ ಅಡುಗೆಮನೆಯ ಬಾಗಿಲಿಗೆ ಸರಿದು ನಿಂತಳು.

ತಮ್ಮನು ಪ್ರಸಾದ ಕೊಡುವ ವಿಧಿಯನ್ನು ಅಕ್ಷರ ಬಿಡದೆ ಓದಿದ. ನಡುವೆ ಆರೈಕೆ ಸೇವೆಯ ಸಾಧನೆಯ ಬಗ್ಗೆ ನಾಲ್ಕು ಮಾತು ಸೇರಿಸಿದ, ಅದು ಯಾವ ವಿಧಿಯಲ್ಲೂ ಇಲ್ಲ. ಅಕ್ಕ ಅದನ್ನೂ ಸಹಿಸಿದಳು. ಅವನ ಜೊತೆಗೆ ಕರ್ತರ ಪ್ರಾರ್ಥನೆ ಹೇಳಿದಳು. ಕಣ್ಣು ಮುಚ್ಚಿ, ಬಾಯಿ ತೆರೆದಳು. ಎಷ್ಟು ವಾರಗಳ ಹಸಿವು ಆ ಬಾಯಲ್ಲಿತ್ತೋ.

ತಮ್ಮ ಡಬ್ಬಿಯ ಮುಚ್ಚಳ ತೆಗೆದ. ಡಬ್ಬಿ ಖಾಲಿ.

ಯಾಕೆ ಅಂತೀರಾ? ಡಬ್ಬಿಗೆ ಪ್ರಸಾದ ಹಾಕಿಸುವುದು ಹಸಿರುಪಟ್ಟಿಯವರ ಕೆಲಸ, ಒಯ್ಯುವುದು ಬಿಳಿಪಟ್ಟಿಯವರದು ಎಂದು ಅವನೇ ಹಂಚಿಕೊಟ್ಟಿದ್ದ. ಇವತ್ತು ಉಪಾಧ್ಯಕ್ಷರೇ ಒಯ್ಯುವುದರಿಂದ ಅವರೇ ಹಾಕಿಸಿಕೊಂಡಿರುತ್ತಾರೆ ಅಂದುಕೊಂಡ ಹಸಿರಿನವನು. ಹಸಿರಿನವನು ಹಾಕಿಸಿಯೇ ಕೊಟ್ಟಿರುತ್ತಾನೆ ಅಂದುಕೊಂಡ ಬಿಳಿಯವನು. ಉಪಾಧ್ಯಕ್ಷನಂತೂ ಡಬ್ಬಿ ತೆರೆದು ನೋಡುವ ಪೈಕಿಯೇ ಅಲ್ಲ. ಅಷ್ಟು ಜನ ಭಕ್ತರು ಬೀದಿಯುದ್ದಕ್ಕೂ ತಲೆಬಾಗಿಸಿ ಹೊತ್ತು ತಂದದ್ದು ಬರೀ ಗಾಳಿಯನ್ನು.

ಇಷ್ಟಕ್ಕೇ ನಿಂತಿದ್ದರೂ ಅದು ಮನುಷ್ಯರಿಂದ ಆಗುವ ತಪ್ಪು, ಕ್ಷಮಿಸಬಹುದಿತ್ತು. ಚರ್ಚು ದೂರವೇನಿರಲಿಲ್ಲ. ಅಕ್ಕಾ, ತಪ್ಪಾಯಿತು, ಈಗಲೇ ತರ್ತೀನಿ ಅಂದಿದ್ದರೆ ಮುಗಿದಿತ್ತು. ಆದರೆ ಬಿಷಪ್ಪರು ಸಭಾಂಗಣದಲ್ಲಿ ಕಾಯುತ್ತಿದ್ದರು, ಸ್ವಾಗತ ಭಾಷಣ ಉಪಾಧ್ಯಕ್ಷನದು, ಫೋಟೊ ಅಷ್ಟರೊಳಗೆ ಆಗಬೇಕು. ಅವನು ಹೆಬ್ಬೆರಳು ತೋರುಬೆರಳು ಜೋಡಿಸಿ, ನಡುವೆ ಏನೋ ಇದೆ ಎಂಬಂತೆ ಅಕ್ಕನ ಬಾಯಿಯ ಮುಂದೆ ಹಿಡಿದ. ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದ.

‘ಬಾಯಿ ಹಾಗೇ ತೆರೆದಿರು ಅಕ್ಕಾ. ಒಂದು ಫೋಟೊ ತೆಗೀಲಿ. ಪ್ರಸಾದ ಆಮೇಲೆ ಕಳಿಸ್ತೀನಿ.’

ಅಕ್ಕ ಕಣ್ಣು ಬಿಟ್ಟಳು. ಖಾಲಿ ಬೆರಳುಗಳನ್ನು ನೋಡಿದಳು. ಬಾಯಿ ಮುಚ್ಚಿದಳು. ಅದೇ ಕ್ಷಣಕ್ಕೆ ಸ್ಟುಡಿಯೋದವನು ಕ್ಲಿಕ್ಕಿಸಿದ.

‘ಅಮ್ಮ ಹೋದ ಮೇಲೆ ನಿನಗೆ ಉಣ್ಣಿಸಿದ್ದು ಈ ಕೈ ಕಣೋ,’ ಎಂದಳು ಅಕ್ಕ. ದನಿ ಏರಲಿಲ್ಲ. ‘ಮನೇಲಿ ಏನೂ ಇಲ್ಲದ ದಿನಗಳೂ ಇದ್ದವು. ಒಂದು ದಿನಾನಾದರೂ ಖಾಲಿ ಕೈನ ನಿನ್ನ ಬಾಯಿ ಮುಂದೆ ಹಿಡಿದಿದ್ದೀನಾ?’

ತಮ್ಮನ ಬೆರಳುಗಳು ಇನ್ನೂ ಹಾಗೇ ಗಾಳಿಯಲ್ಲಿದ್ದವು, ಇಳಿಸುವುದು ಹೇಗೆಂದು ತಿಳಿಯದವನ ಹಾಗೆ. ನರ್ಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವನ ಇನ್ನೊಂದು ಕೈಯಿಂದ ಡಬ್ಬಿ ತೆಗೆದುಕೊಂಡಳು. ತರಬೇತಿಯ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತೇನೋ, ಅಕ್ಕನ ಕಣ್ಣು ನೋಡಿ ನುಂಗಿಕೊಂಡ. ನರ್ಸಮ್ಮ ನೇರವಾಗಿ ಸಭಾಂಗಣಕ್ಕೆ ಹೋಗಿ ಬಿಷಪ್ಪರ ಪಕ್ಕದಲ್ಲಿದ್ದ ಪಾದ್ರಿಗಳನ್ನು ಎಬ್ಬಿಸಿದಳು. ಪಾದ್ರಿಗಳು ಒಂದು ಮಾತೂ ಕೇಳದೆ ಎದ್ದುಬಂದು ಪ್ರಸಾದ ಹಾಕಿಕೊಟ್ಟರು. ಅವಳು ವಾಪಸ್ಸು ಬರುವ ಹೊತ್ತಿಗೆ ಪಟ್ಟಿಯವರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು, ತಮ್ಮನೂ ಭಾಷಣಕ್ಕೆ ಹೋಗಿದ್ದ. ಮೇಣದಬತ್ತಿ ಇನ್ನೂ ಉರಿಯುತ್ತಿತ್ತು. ಅಕ್ಕ ಪ್ರಸಾದ ತೆಗೆದುಕೊಂಡು, ಆಮೇಲೆ ಬಹಳ ಹೊತ್ತು ಅತ್ತಳು. ನರ್ಸಮ್ಮ ದಿಂಬು ಸರಿಮಾಡಿದಳು.

ಆ ಫೋಟೊ ಈಗ ಚರ್ಚಿನ ನೋಟಿಸ್ ಬೋರ್ಡಿನಲ್ಲಿದೆ. ಫೋಟೊಗಳನ್ನು ಆರಿಸುವುದು ಮಾಧ್ಯಮ ಸಮಿತಿಯ ಕೆಲಸ, ಅವರು ಯಾರನ್ನೂ ಕೇಳಲಿಲ್ಲ. ‘ರೋಗಿಗಳ ಆರೈಕೆಯಲ್ಲಿ ನಮ್ಮ ಉಪಾಧ್ಯಕ್ಷರು’ ಎಂದು ಅಡಿಬರಹ. ಜರಿಯ ಪಟ್ಟಿ ಚೆನ್ನಾಗಿ ಬಂದಿದೆ. ಅದರ ಮುಂದೆ ಬಿಗಿಯಾಗಿ ಮುಚ್ಚಿದ ಮುದುಕಿಯ ಬಾಯಿ, ನಡುವೆ ಏನನ್ನೂ ಹಿಡಿಯದ ಎರಡು ಬೆರಳು. ಬಂದವರೆಲ್ಲ ನಿಂತು ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಉಪಾಧ್ಯಕ್ಷ ಅದರ ಮುಂದೆಯೇ ತಲೆ ತಗ್ಗಿಸಿ ಒಳಗೆ ಹೋಗಬೇಕು. ಕಿತ್ತುಹಾಕೋಣವೆಂದರೆ ಬೋರ್ಡನ್ನು ಮಾಧ್ಯಮ ಸಮಿತಿಯವರಲ್ಲದೆ ಇತರರು ಮುಟ್ಟಕೂಡದೆಂದು ನಿಯಮ ಮಾಡಿದವನು ಅವನೇ. ತೆಗೆಸಬೇಕೆಂದು ಅರ್ಜಿ ಕೊಟ್ಟಿದ್ದಾನಂತೆ. ವಿಷಯ ಸಮಿತಿಯ ಮುಂದಿದೆ.