ಗಿರಣಿ ನಿಂತ ಮೇಲೆ ಅನುರಾಧಾ ವೈನಿಯ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡದೂರು ಬಾಲಗಾಂವದ ಹಿಟ್ಟಿನ ಗಿರಣಿ ಮಾತ್ರ ಆಗಲೇ ಎಚ್ಚರವಾಗಿದೆ. ಈ ವಾರ ತ್ರೀ ಫೇಸ್ ಕರೆಂಟಿನ ಪಾಳಿ ನಸುಕಿನಲ್ಲಿ ಬಂದಿದೆ, ಹಾಗಾಗಿ ಅನುರಾಧಾ ಅವರ ದಿನವೂ ನಸುಕಿನಲ್ಲೇ ಶುರು. ಹಿಟ್ಟು ಕೂದಲಿಗೆ ಹತ್ತದಂತೆ ಸೆರಗನ್ನು ತಲೆಗೆ ಬಿಗಿದುಕೊಂಡು, ಯಾರದೋ ಬಿಳಿಜೋಳವನ್ನು ತೊಟ್ಟಿಗೆ ಸುರಿಯುತ್ತಿರುವಾಗಲೇ ಸೊಂಟಕ್ಕೆ ಸಿಕ್ಕಿಸಿದ ಫೋನು ನಡುಗುತ್ತದೆ. ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸದು. ಅವರು ಹೊಸ್ತಿಲು ದಾಟಿ ಅಂಗಳಕ್ಕೆ ಬರುತ್ತಾರೆ.

ಆ ಕಡೆ ಇರುವವರು ದಾಳಿಂಬೆ ತೋಟದ ಅಪ್ಪಾಸಾಬ. ಮಾತಾಡುತ್ತಿರುವುದು ಹೆಂಡತಿಯ ಫೋನಿನಿಂದ. ಅವರ ಸ್ವಂತ ಫೋನು ನಿನ್ನೆ ಸಂಜೆಯಿಂದ ಒಮ್ಮೆಯೂ ರಿಂಗಾಗಿಲ್ಲ, ಹಣ್ಣು ಕೊಳ್ಳಲು ಬರಬೇಕಾದ ವ್ಯಾಪಾರಿ ಏನೆಂದುಕೊಂಡನೋ ಎಂಬ ಚಿಂತೆ.

“ಕಾಕಾ, ಮ್ಯಾಲಿಂದ ಕೆಳಗ ಬೊಟ್ಟ ಎಳೀರಿ. ಸಣ್ಣ ಸಣ್ಣ ಚಿತ್ರ ಬಂದಾವಲ್ಲ, ಅದ್ರಾಗ ಒಂದು ವಿಮಾನ ಐತಿ ನೋಡ್ರಿ. ಹೊಳ್ಯಾಕತ್ತೈತೇನು? ಅದನ್ನ ಒಮ್ಮಿ ಮುಟ್ಟರಿ, ಸಾಕು.”

ಅಪ್ಪಾಸಾಬ ವಿಮಾನವನ್ನು ಹುಡುಕಿ ಮುಟ್ಟುತ್ತಾರೆ. ಆಮೇಲೆ ಆ ಕಡೆಯಿಂದ ಒಂದರ ಹಿಂದೊಂದು ಸಂದೇಶ ಬೀಳುವ ಸದ್ದು. ನಿನ್ನೆ ತಾನು ಯಾವ ವಿಮಾನವನ್ನೂ ಮುಟ್ಟಿದವನಲ್ಲ ಎಂದು ಅಪ್ಪಾಸಾಬ ಮತ್ತೆ ಮತ್ತೆ ಹೇಳುತ್ತಾರೆ. ಅನುರಾಧಾ ಅದಕ್ಕೂ ಹೂಂಗುಟ್ಟಿ ಗಿರಣಿಗೆ ಮರಳುತ್ತಾರೆ.

ಅನುರಾಧಾ ಅವರ ತವರು ಡಫಳಾಪುರ. ಮನೆಮಾತು ಕನ್ನಡ, ಶಾಲೆ ಮರಾಠಿ, ಕಲಿತ ಕಂಪ್ಯೂಟರಿನಲ್ಲಿ ಇದ್ದದ್ದು ಇಂಗ್ಲಿಷು. ನೌಕರಿಯ ಆಸೆ ಇರುವ ಮಹಾರಾಷ್ಟ್ರದ ಹುಡುಗ ಹುಡುಗಿಯರೆಲ್ಲ ಮಾಡುವ ಎಂಎಸ್‌ಸಿಐಟಿ ಎಂಬ ಕಂಪ್ಯೂಟರ್ ಕೋರ್ಸನ್ನು ಜತ್ತಕ್ಕೆ ಬಸ್ಸಿನಲ್ಲಿ ಓಡಾಡಿ ಮುಗಿಸಿದರು. ನೌಕರಿ ಸಿಗಲಿಲ್ಲ, ಮದುವೆಯಾಯಿತು. ಪತಿ ಶಿವಶರಣ ಅವರದು ಹಿಂಡಿ, ಬೂಸಾದ ವ್ಯಾಪಾರ. ಮನೆಗೆ ಹೊಂದಿಕೊಂಡ ಗಿರಣಿ ಸೊಸೆಯ ಪಾಲಿಗೆ ಬಂತು. ಅಣ್ಣ ಬಳಸಿ ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪು ಅವರ ಜೊತೆಗೇ ಬಾಲಗಾಂವಕ್ಕೆ ಬಂದಿತ್ತು.

ಪಕ್ಕದ ಮನೆಯ ಹುಡುಗಿಯ ಹತ್ತನೆಯ ರಿಸಲ್ಟು ನೋಡಿಕೊಟ್ಟದ್ದೇ ಮೊದಲು. ಅದು ಓಣಿಗೆ ಗೊತ್ತಾಯಿತು, ಓಣಿಯಿಂದ ಊರಿಗೆ. ಹೊಲದ ಸಾತಬಾರಾ ಉತಾರ, ಅಂದರೆ ಪಹಣಿ, ತೆಗೆಯಬೇಕು, ಮೊಮ್ಮಗನ ಜಾವಳದ ಫೋಟೋ ಅಳಿಸಿಹೋಗಿದೆ, ಫೋನು ತನ್ನಷ್ಟಕ್ಕೆ ಮಾತಾಡತೊಡಗಿದೆ, ಹೀಗೆ ಹೊತ್ತುಗೊತ್ತಿಲ್ಲದೆ ಜನ ಬರತೊಡಗಿದರು. ತ್ರೀ ಫೇಸ್ ಹೋಗಿ ಗಿರಣಿ ನಿಂತಿತೆಂದರೆ ಹಿಟ್ಟಿನ ಪಾಳಿ ಮುಗಿದು ಫೋನಿನ ಪಾಳಿ ಶುರು.

ಬಂದವರಲ್ಲಿ ಬಹಳ ಮಂದಿಗೆ ಓದಲು ಬಾರದು. ಅಂಥವರಿಗಾಗಿ ಅನುರಾಧಾ ಪರದೆಯ ಚಿತ್ರಗಳ ಆಕಾರ ನೋಡಿ ತಮ್ಮದೇ ಭಾಷೆ ಮಾಡಿಕೊಂಡಿದ್ದಾರೆ. ಸೆಟಿಂಗ್ ಎಂದರೆ ಹಲ್ಲಿನ ಗಾಲಿ. ಬ್ಲೂಟೂತ್ ಎಂದರೆ ಗಂಟು ಬಿದ್ದ ದಾರ. ವೈಫೈ ಎಂದರೆ ಬೀಸಣಿಗೆ. ಊರಿಗೆಲ್ಲ ಅವರು ವೈನಿ, ಅಂದರೆ ಅತ್ತಿಗೆ. ಈಗ ಊರೆಲ್ಲ ಅದೇ ಮಾತಿನಲ್ಲಿ ಕೇಳುತ್ತದೆ. ಬೀಸಣಿಗೆ ಹೋಗಿದೆ ವೈನಿ, ಸ್ವಲ್ಪ ಹಚ್ಚಿಕೊಡ್ರಿ ಎಂದು.

ಹಣದ ಮಾತು ಬಂದರೆ ಅನುರಾಧಾ ನಗುತ್ತಾರೆ. ಹಿಂದೊಮ್ಮೆ ಶಿವಶರಣ ಅವರು ಬಾಗಿಲಿಗೆ ದರದ ಪಾಟಿ ತೂಗುಹಾಕಿದ್ದರಂತೆ. ಬಂದವರೆಲ್ಲ ಅದನ್ನು ಓದಿದರು, ಇಲ್ಲವೇ ಓದಿಸಿಕೊಂಡರು. ಚಲೋ ಮಾಡಿದಿರಿ, ಹೊರಗಿನ ಮಂದಿ ಪುಕ್ಕಟೆ ಮಾಡಿಸಿಕೊಂಡು ಹೋಗಬಾರದು ಎಂದು ಮೆಚ್ಚಿಕೊಂಡು, ತಮ್ಮ ಫೋನನ್ನು ಮುಂದಿಟ್ಟು ಕುಳಿತರು. ಪಾಟಿ ವಾರದೊಳಗೆ ಕೆಳಗಿಳಿಯಿತು.

ಅತ್ತೆ ಸಿದ್ದಲಿಂಗವ್ವ ಅವರಿಗೆ ಇದು ನಗುವ ವಿಷಯವಾಗಿರಲಿಲ್ಲ. ಸೊಸೆ ತಾಟಿನ ಮುಂದೆ ಕುಳಿತಾಗಲೇ ಯಾರೋ ಬಾಗಿಲಲ್ಲಿ ನಿಲ್ಲುತ್ತಾರೆ. ಹಂಚಿನ ಮೇಲೆ ರೊಟ್ಟಿ ಹಾಕಿದಾಗಲೇ ಫೋನು ಬರುತ್ತದೆ, ರೊಟ್ಟಿ ಸೀಯುತ್ತದೆ. ಊರಿನ ಕೆಲಸಕ್ಕೆ ಮನೆಯ ಸೊಸೆ ಸವೆಯುತ್ತಿದ್ದಾಳೆ ಎಂದು ಅವರು ಬಂದವರ ಎದುರಿಗೇ ಅನ್ನುತ್ತಿದ್ದರು. ಅನುರಾಧಾ ಅವರಿಗೂ ಬೇಸರ ಬರದೆ ಇರಲಿಲ್ಲ. “ಒಂದೊಂದು ದಿನ ಫೋನ್ ಬಂದ್ ಮಾಡಿ ಅಕ್ಕಿ ಡಬ್ಬಿಯೊಳಗ ಇಟ್ಟಬಿಡ್ತಿದ್ನಿರಿ,” ಎನ್ನುತ್ತಾರೆ. “ಆದ್ರ ಮನಿ ಬಾಗಲಾ ಬಂದ್ ಮಾಡಾಕ ಆಗೂದಿಲ್ಲಲ್ಲ.”

ಆ ಬಾಗಿಲಿಗೆ ಹೋದ ಚಳಿಗಾಲದ ಒಂದು ಬೆಳಿಗ್ಗೆ ಬೀರವ್ವ ಬಂದರು. ಕುರಿ ಕಾಯುವ ಮನೆತನದ ಹೆಂಗಸು. ಕೈಯಲ್ಲಿ ಗಾಜು ಒಡೆದ ಫೋನು. ಕುರಿಮರಿ ತುಳಿದಿತ್ತು.

ಬೀರವ್ವ ಅವರ ಮಗಳು ನಂದಾ ಅವರಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಕಿವುಡರ ಶಾಲೆಗೂ ಹೋದವರಲ್ಲ. ತಾಯಿ ಮಗಳು ತಮ್ಮಿಬ್ಬರಿಗೇ ತಿಳಿಯುವ ಕೈಸನ್ನೆಯಲ್ಲಿ ಮಾತಾಡಿಕೊಂಡೇ ಇಷ್ಟು ವರ್ಷ ಬಾಳಿದವರು. ಯಳವಿ ಊರಿನ ಸೋಮನಾಥ ಅವರೊಂದಿಗೆ ಮದುವೆಯಾದ ಮೇಲೆ ಆ ಮಾತಿಗೆ ಉಳಿದದ್ದು ವಿಡಿಯೋ ಕಾಲ್ ಒಂದೇ. ದೀಪಾವಳಿ ಮುಗಿದೊಡನೆ ಸೋಮನಾಥ ಮೇವಿಗಾಗಿ ಕುರಿಹಿಂಡು ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಇಳಿದಿದ್ದರು. ಬಸುರಿ ನಂದಾ ಜೊತೆಗಿದ್ದರು. ಎಂಟು ತಿಂಗಳಿಗೆ ತವರಿಗೆ ಕರೆತರುವುದೆಂದು ಮಾತಾಗಿತ್ತು.

ಮಗಳ ಮುಖ ಕಾಣದೆ ನಾಲ್ಕು ದಿನವಾಯಿತು ಎಂದರು ಬೀರವ್ವ. ಆಗ ಕರೆಂಟು ಇತ್ತು, ಗಿರಣಿ ತಿರುಗುತ್ತಿತ್ತು, ಪಾಳಿಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಮುಂಜಾನೆ ಹೊತ್ತು ಆಗದು, ಮಧ್ಯಾಹ್ನ ಬಾ ಎನ್ನಬಹುದಿತ್ತು. ಅನುರಾಧಾ ಲ್ಯಾಪ್‌ಟಾಪನ್ನು ಹಿಂಡಿ ಚೀಲದ ಮೇಲಿಟ್ಟು, ತಮ್ಮ ಫೋನಿನ ನೆಟ್ಟು ಅದಕ್ಕೆ ಹಚ್ಚಿ, ಸೋಮನಾಥ ಅವರಿಗೆ ವಿಡಿಯೋ ಕರೆ ಮಾಡಿಕೊಟ್ಟು ಗಿರಣಿಗೆ ಹೋದರು. ಸದ್ದಿನಿಂದ ತಾಯಿ ಮಗಳ ಕೈಸನ್ನೆಯ ಮಾತಿಗೆ ಅಡ್ಡಿ ಇರಲಿಲ್ಲ.

ಅತ್ತ ಸೋಮನಾಥ ಫೋನು ಹಿಡಿದು ನಿಂತರು. ಇತ್ತ ಬೀರವ್ವ ಅವರ ಎರಡೂ ಕೈ ಖಾಲಿ. ಅಲ್ಲಿಯವರೆಗೆ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲೇ ಮಾತಾಡಬೇಕಿತ್ತು, ತಾಯಿಗೂ ಮಗಳಿಗೂ ಅರ್ಧ ಮಾತು. ಈಗ ದೊಡ್ಡ ಪರದೆಯಲ್ಲಿ ನಂದಾ ಅಂಗೈಯಷ್ಟಲ್ಲ, ಎದುರಿಗೆ ಕುಳಿತಷ್ಟು ಕಂಡರು. ಬುಟ್ಟಿ ಹಿಡಿದ ಹೆಂಗಸರು ಮೊದಲು ಬೆರಗಾಗಿ ನೋಡಿದರು, ಆಮೇಲೆ ಕದ್ದು ಕೇಳಿದಂತಾಯಿತೇನೋ ಎಂದು ಮುಖ ತಿರುಗಿಸಿದರು.

ಸ್ವಲ್ಪ ಹೊತ್ತಿಗೆ ಬೀರವ್ವ ಎದ್ದು ಬಂದು ಅನುರಾಧಾ ಅವರ ತೋಳು ಹಿಡಿದರು. ತುಟಿ ಅಲುಗುತ್ತಿತ್ತು, ಮಾತು ಕೇಳಿಸಲಿಲ್ಲ. ಅನುರಾಧಾ ಸ್ವಿಚ್ಚು ಆರಿಸಿದರು. ಗಿರಣಿಯ ಪಟ್ಟಿ ತಿರುಗುವುದು ನಿಧಾನವಾಗಿ ನಿಂತಿತು.

“ಮಾರಿ ಬಾತೈತವಾ,” ಎಂದರು ಬೀರವ್ವ. “ಪಾದಾನೂ ಬಾತಾವು. ತಲಿ ಸಿಡೀತೈತಂತ, ಕಣ್ಣ ಮುಂದ ಮಂಜು ಕವೀತೈತಂತ. ಅಳಿಯಾಗ ನೀ ಹೇಳು, ಈಗಿಂದೀಗ ದವಾಖಾನಿಗೆ ಒಯ್ಯಂತ.”

ಅಳಿಯನೊಡನೆ ನೇರವಾಗಿ ಮಾತಾಡುವ ರೂಢಿ ಅವರಲ್ಲಿಲ್ಲ. ಅನುರಾಧಾ ಪರದೆಯ ಮುಂದೆ ಕುಳಿತು ಹೇಳಿದರು. ಹೆಂಡತಿ ಹಣೆ ಒತ್ತಿಕೊಂಡದ್ದನ್ನು ಸೋಮನಾಥ ನೋಡಿದ್ದರು, ಬಿಸಿಲಿಗಿರಬೇಕೆಂದು ಬಟ್ಟೆ ಕಟ್ಟಿದ್ದರು. ಕಣ್ಣಿನ ಸಂಗತಿ ಅವರಿಗೆ ತಿಳಿದಿರಲಿಲ್ಲ. ಯಾರ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದ್ದರೋ ಆ ರೈತರೇ ಜೀಪು ತೆಗೆದರು.

ಕರೆಂಟಿದ್ದೂ ಗಿರಣಿ ಯಾಕೆ ನಿಂತಿತೆಂದು ಕೇಳಲು ಬಂದಿದ್ದ ಸಿದ್ದಲಿಂಗವ್ವ ಬಾಗಿಲಲ್ಲೇ ನಿಂತು ಸಂಗತಿ ತಿಳಿದುಕೊಂಡರು. ಬೀರವ್ವ ಅವರನ್ನು ಒಳಗೆ ಕರೆದು ನೀರು ಕೊಟ್ಟು, ಪಕ್ಕದಲ್ಲೇ ಕುಳಿತರು. ಮಧ್ಯಾಹ್ನ ಫೋನು ಬರುವವರೆಗೂ ಇಬ್ಬರೂ ಎದ್ದಿರಲಿಲ್ಲ. ರಕ್ತದೊತ್ತಡ ವಿಪರೀತ ಏರಿತ್ತು, ತಡವಾಗಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯವಿತ್ತು ಎಂದು ಡಾಕ್ಟರು ಹೇಳಿದ್ದರು. ದವಾಖಾನೆಯಲ್ಲೇ ಇಟ್ಟುಕೊಂಡು ನೋಡಿ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ಸಣ್ಣದು, ಆದರೆ ಗಟ್ಟಿಮುಟ್ಟು.

ಆ ವಿಡಿಯೋ ಕರೆಯ ಮರುದಿನ ಸಿದ್ದಲಿಂಗವ್ವ ಪಡಸಾಲೆಯ ಗೂಡಿನಿಂದ ತಮ್ಮ ಸಾಮಾನು ತೆಗೆದು ಲ್ಯಾಪ್‌ಟಾಪಿಗೆ ಜಾಗ ಮಾಡಿದರು. ಯಾಕೆಂದು ಕೇಳಿದರೆ, ಚೀಲದ ಮೇಲಿಟ್ಟರೆ ಹಿಟ್ಟು ಕೂಡುತ್ತದೆ ಎಂದಷ್ಟೇ ಉತ್ತರ. ಗೊಣಗುವುದನ್ನೇನೂ ಅವರು ಬಿಟ್ಟಿಲ್ಲ. ಸೊಸೆ ಉಣ್ಣಲು ಕುಳಿತಾಗ ಮಾತ್ರ ಈಗ ಅವರೇ ಬಾಗಿಲಲ್ಲಿ ಕೂರುತ್ತಾರೆ. ತಾಟು ತೊಳೆಯುವವರೆಗೆ ಯಾರಿಗೂ ಒಳಗೆ ಪ್ರವೇಶವಿಲ್ಲ.

ಆ ದಿನದ ಬಗ್ಗೆ ಕೇಳಿದರೆ ಅನುರಾಧಾ ಮಾತನ್ನು ಬೀರವ್ವ ಅವರ ಕಡೆ ತಿರುಗಿಸುತ್ತಾರೆ. “ನಾ ಬರೇ ಲ್ಯಾಪ್‌ಟಾಪ್ ತೆರದ ಇಟ್ಟೀನ್ರಿ. ಮಾರಿ ನೋಡಿ ಗುರ್ತ ಹಿಡದಾಕಿ ಆಕಿ, ಹಡದಾಕಿ.”

ಈ ಬರಹಕ್ಕಾಗಿ ನಾವು ಬಾಲಗಾಂವಕ್ಕೆ ಹೋದ ದಿನ ಕರೆಂಟು ಇನ್ನೂ ಇತ್ತು, ಗಿರಣಿ ತಿರುಗುತ್ತಿತ್ತು. ಮಂಗಲ ಎಂಬ ನೆರೆಯ ಹೆಂಗಸು ಹೊಸ ಫೋನು ಹಿಡಿದು ಅನುರಾಧಾ ಅವರಿಗಾಗಿ ಅಂಗಳದಲ್ಲಿ ಕಾಯುತ್ತಿದ್ದರು. ತಂಗಿಯ ಮುಖ ನೋಡುತ್ತ ಮಾತಾಡಬೇಕು, ಹೇಗೆಂದು ಗೊತ್ತಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದ ಬೀರವ್ವ ಪಕ್ಕದಲ್ಲಿ ಕುಳಿತು, ಹಸಿರು ಚಿತ್ರ ಯಾವುದು, ಎಲ್ಲಿ ಬೊಟ್ಟು ಇಡಬೇಕು ಎಂದು ತಾವೇ ತೋರಿಸಿಕೊಟ್ಟರು. ಫೋನನ್ನು ಕಟ್ಟೆಗೆ ಒರಗಿಸಿ ನಿಲ್ಲಿಸಿದರೆ ಎರಡೂ ಕೈ ಖಾಲಿ ಇರುತ್ತವೆ ಎಂದೂ ಹೇಳಿದರು. ಕರೆ ಹತ್ತಿತು. ಮಂಗಲ ತಂಗಿಯೊಡನೆ ಮಾತಾಡಿ, ಅನುರಾಧಾ ಅವರನ್ನು ಕೇಳದೆಯೇ ಎದ್ದು ಹೋದರು.

ಗಿರಣಿಯ ಬಾಗಿಲಲ್ಲಿ ಹಿಟ್ಟಿನ ಕೈ ಜಾಡಿಸುತ್ತ ಅನುರಾಧಾ ಅದನ್ನು ನೋಡುತ್ತಿದ್ದರು. ಮುಂದೆ ಏನಾಗಬೇಕೆಂಬ ಆಸೆಯಿದೆ ಎಂದು ಕೇಳಿದೆವು.

“ಊರಾಗ ಯಾರಿಗೂ ಈ ಕೆಲಸಕ್ಕ ನಾ ಬೇಕಾಗಬಾರದ್ರಿ,” ಎಂದರು. ಆಮೇಲೆ, ತಪ್ಪಾಗಿ ತಿಳಿದೇವೆಂದೋ ಏನೋ, ಒಂದು ಮಾತು ಸೇರಿಸಿದರು. “ಹಂಗಂತ ಬರೂದು ಬಿಡಬಾರ್ದು ಮತ್ತ. ಸುಮ್ನ ಬರ್ಲಿ, ಕುಂತು ಚಾ ಕುಡದ ಹೋಗ್ಲಿ.”