ನಾನು ಬರೆದ ವಯಸ್ಸು

ಏಳನೇ ಇಯತ್ತೆ ಕಲಿತವಳು ನಾನು. ನವಲಗುಂದದ ಬಾಜೂಕಿನ ಹಳ್ಳಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಕಲಿಸಿದೆ. ಕಲಿಸಿದ್ದೇನು, ಮೂಗು ಒರೆಸಿದೆ, ಉಪ್ಪಿಟ್ಟು ಬಡಿಸಿದೆ, ಅ ಆ ತಿದ್ದಿಸಿದೆ. ಊರವರು ಅಕ್ಕೋರು ಅಂದರು. ಅಷ್ಟಕ್ಕೇ ನನಗೆ ಜಂಬ ಬಂದಿತ್ತು.

ನನ್ನ ಕೈಯಲ್ಲಿ ಕಲಿತ ಒಬ್ಬಳು ಹುಡುಗಿ ಭಾಳ ಚುರುಕು. ತಾಯಿ ಹೊಲದ ಕೂಲಿಯಾಕೆ. ಮನೆಯಲ್ಲೇ ಹೆತ್ತದ್ದು, ಹುಟ್ಟಿದ ದಿನದ ಕಾಗದ ಇಲ್ಲ. ನಮ್ಮ ಕಡೆ ಇಂಥ ಮಕ್ಕಳಿಗೆಲ್ಲ ಜೂನ್ ಒಂದೇ ಹುಟ್ಟಿದ ದಿನ. ವರ್ಷವನ್ನು ಅಕ್ಕೋರು ಅಂದಾಜಿನಲ್ಲಿ ಬರೆಯುವುದು. ಇವಳಿಗೆ ಅಂದಾಜು ಬೇಕಿರಲಿಲ್ಲ. ಹೆರಿಗೆಯ ದಿನ ಬಿಸಿನೀರು ಕಾಯಿಸಿದವಳು ನಾನೇ. ನಾಲ್ಕು ತುಂಬಿತ್ತು. ಆರು ಅಂತ ಬರೆದೆ. ಇಂಥ ಹುಡುಗಿ ಇನ್ನೆರಡು ವರ್ಷ ನನ್ನ ಹತ್ತಿರ ಗೊಂಬೆ ಆಡುತ್ತ ಕೂಡುವುದೇ ಅನ್ನಿಸಿತು.

ಸಾಲೆಯ ಮಾಸ್ತರರು ಹಳೇ ಕಾಲದವರು, ಕೈ ಕಿವಿಗೆ ಮುಟ್ಟಿದರೆ ಆರು ತುಂಬಿತು ಅಂತ ಲೆಕ್ಕ. "ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟವಾ" ಅಂದರು. ಮುಟ್ಟಲಿಲ್ಲ. ನಾನು ಅವಳ ಕುತ್ತಿಗೆಯನ್ನು ತುಸು ಬಗ್ಗಿಸಿದೆ. ಮುಟ್ಟಿತು.

"ಅಕ್ಕೋರ, ಕೈ ಉದ್ದ ಆತೋ, ಕುತ್ತಿಗಿ ಗಿಡ್ಡ ಆತೋ?" ಎಂದು ನಕ್ಕು ಹೆಸರು ಬರೆದುಕೊಂಡರು.

ಒಂದು ವರ್ಷವೂ ಫೇಲಾಗಲಿಲ್ಲ. ಪಿಯುಸಿ ಮುಗಿಸಿದಳು. ಧಾರವಾಡಕ್ಕೆ ಹೋಗಿ ನರ್ಸ್ ಕಲಿಯುತ್ತೇನೆ ಅನ್ನುತ್ತಿದ್ದಳು. ಹೋದ ವರ್ಷ ಜೂನ್ ಒಂದು ದಾಟಿ ಕಾಗದದಲ್ಲಿ ಹದಿನೆಂಟು ತುಂಬಿದ ಕೂಡಲೇ ಅವಳಪ್ಪ ಕಲಘಟಗಿ ಕಡೆಯ ಗಂಡು ಗೊತ್ತುಮಾಡಿದ. ಖರೇ ವಯಸ್ಸು ಹದಿನಾರು.

ಅವರ ಮನೆಗೆ ಹೋದೆ. ಹುಡುಗಿ ನೀರಿಗೆ ಹೋಗಿದ್ದಳು.

"ಲೇ ತಮ್ಮಾ, ಹುಡುಗಿಗೆ ಹದಿನೆಂಟು ಆಗಿಲ್ಲ. ಮದುವಿ ಮಾಡಿದ್ರ ಜೇಲಿಗೆ ಹೋಗ್ತಿ."

"ಆಗೈತ್ರಿ ಅಕ್ಕೋರ. ಸಾಲಿ ಕಾಗದಾ ನೋಡ್ರಿ, ಆಧಾರ್ ನೋಡ್ರಿ."

"ಅದು ನಾ ಬರದದ್ದೋ. ಸುಳ್ಳ ಬರದೇನಿ."

"ನೀವು ಸುಳ್ಳ ಬರದೀರಿ ಅಂದ್ರ ಯಾರು ನಂಬ್ತಾರ್ರಿ?" ಅಂದ. ಚೇಷ್ಟೆಗೆ ಅಂದದ್ದಲ್ಲ.

ತಾಯಿ ಜೋಳ ಹಸನು ಮಾಡುತ್ತಿದ್ದಳು. "ಹೆತ್ತಾಕಿ ನೀನು, ನೀನರ ಹೇಳ ಬೇ" ಅಂದೆ.

"ಮಳಿ ಭಾಳ ಆದ ವರ್ಷ ಹುಟ್ಯಾಳ್ರಿ. ಯಾವ ವರ್ಷ ಅಂತ ನನಗೇನ ಗೊತ್ತು?" ಮೊರದಿಂದ ತಲೆ ಎತ್ತಲಿಲ್ಲ.

ಬಾಲ್ಯವಿವಾಹ ತಡೆಯುವವರಿಗೆ ಫೋನ್ ಮಾಡಿಸಿದೆ. ಬಂದರು, ಕಾಗದ ನೋಡಿದರು, ಬೇರೆ ಪುರಾವೆ ಏನಿದೆ ಎಂದು ಕೇಳಿದರು. ನನ್ನ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಹೋದರು. ಮದುವೆಯಾಯಿತು.

ಈ ಸಲ ನಾಗರಪಂಚಮಿಗೆ ತವರಿಗೆ ಬಂದವಳು ತಾಟಿನಲ್ಲಿ ಉಂಡಿ ಇಟ್ಟುಕೊಂಡು ನನ್ನ ಮನೆಗೂ ಬಂದಳು. ಮೈ ಇಳಿದಿದೆ.

"ಅಕ್ಕೋರ, ಮದುವಿ ಮುಂದ ನಮ್ಮಪ್ಪನ ಕೂಡ ಯಾಕ ಜಗಳಾಡಿದ್ರಿ? ನನಗ ಯಾರೂ ಹೇಳವಲ್ರು."

ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಹಂಗಾರ ನನಗ ಇನ್ನೂ ಎರಡು ವರ್ಷ ಇತ್ತೇನ್ರಿ?"

"ಇತ್ತವಾ."

"ನರ್ಸಿಂದು ಮೂರು ವರ್ಷದ್ದರಿ" ಅಂದಳು. "ಎರಡಾದ್ರೂ ಆಗಿರತಿತ್ತು."

ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು. "ತಾಟು ಕೊಡ್ರಿ, ನಮ್ಮವ್ವ ಕೇಳ್ತಾಳ." ನಮ್ಮಲ್ಲಿ ತಾಟನ್ನು ಬರಿದು ಕಳಿಸುವುದಿಲ್ಲ. ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ.